ಗಿಟಾರ್ ಪೆಡಲ್‌ನ ಧ್ವನಿ ಎಲ್ಲಿಂದ ಬರುತ್ತದೆ: ಬ್ರೆಡ್‌ಬೋರ್ಡ್ ಮೇಲೆ ಒಂದೊಂದೇ ಬಿಡಿಭಾಗ ಬದಲಿಸಿ ಕೇಳುವ ವಿಧಾನ

ಯಾವ ಚಿಪ್ ಹಾಕಿದರೆ ಒಳ್ಳೆಯ ಡಿಸ್ಟಾರ್ಷನ್ ಬರುತ್ತದೆ? ಜರ್ಮೇನಿಯಂ ಡಯೋಡ್ ಇಲ್ಲದೆ ಆಗುವುದೇ ಇಲ್ಲವೇ? ದುಬಾರಿ ಕೆಪಾಸಿಟರ್ ಹಾಕಿದರೆ ಸದ್ದು ಸುಧಾರಿಸುತ್ತದೆಯೇ? ಪೆಡಲ್, ಅಂದರೆ ಗಿಟಾರ್ ಮತ್ತು ಆಂಪ್ ನಡುವೆ ಇಟ್ಟು ಸದ್ದು ಬದಲಿಸುವ ಡಬ್ಬಿ, ಕಟ್ಟಲು ಹೊರಟವರು ಮತ್ತೆ ಮತ್ತೆ ಕೇಳುವುದು ಈ ಮೂರು ಪ್ರಶ್ನೆ. ಮೂರಕ್ಕೂ ಉತ್ತರ ಒಂದೇ. ಬಿಡಿಭಾಗದ ಹೆಸರು, ಬಣ್ಣ, ಬ್ರ್ಯಾಂಡ್‌ಗಿಂತ ಅದರ ಅಳತೆ ಎಷ್ಟು, ಸರ್ಕ್ಯೂಟಿನಲ್ಲಿ ಅದು ಎಲ್ಲಿ ಕೂತಿದೆ ಎನ್ನುವುದೇ ಸದ್ದನ್ನು ತೀರ್ಮಾನಿಸುತ್ತದೆ. ಇದನ್ನು ಓದಿ ನಂಬಬೇಕಾಗಿಲ್ಲ. ಒಂದು ರಜಾದಿನ ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಬಿಡಿಭಾಗ ಸಿಕ್ಕಿಸುವ ತೂತುಗಳ ಹಲಗೆ) ಮುಂದೆ ಕೂತರೆ ನಿಮ್ಮ ಕಿವಿಯಿಂದಲೇ ಖಚಿತಪಡಿಸಿಕೊಳ್ಳಬಹುದು.

ಇಲ್ಲಿ ಕಟ್ಟುವ ಸರ್ಕ್ಯೂಟ್ 1970ರ ದಶಕದ ಎಂಎಕ್ಸ್‌ಆರ್ ಡಿಸ್ಟಾರ್ಷನ್ ಪ್ಲಸ್ ಪೆಡಲ್‌ನ ಜಾಡಿನದು. ಡಿಓಡಿ 250 ಪೆಡಲ್‌ನ ಹಂದರವೂ ಹೆಚ್ಚುಕಡಿಮೆ ಇದೇ. ಮೊದಲನೆಯದರಲ್ಲಿ ಜರ್ಮೇನಿಯಂ ಡಯೋಡ್, ಎರಡನೆಯದರಲ್ಲಿ ಸಿಲಿಕಾನ್ ಡಯೋಡ್ ಇರುವುದೇ ಕಣ್ಣಿಗೆ ಬೀಳುವ ವ್ಯತ್ಯಾಸ. ಇಪ್ಪತ್ತು ಚಿಲ್ಲರೆ ಬಿಡಿಭಾಗ ಸಾಕು, ಪ್ರತಿಯೊಂದಕ್ಕೂ ಒಂದು ಸ್ಪಷ್ಟ ಕೆಲಸವಿದೆ. ಕಲಿಯಲು ಇದಕ್ಕಿಂತ ಒಳ್ಳೆಯ ಸರ್ಕ್ಯೂಟ್ ಸಿಗುವುದು ಕಷ್ಟ.

ಮೊದಲು ಮೂರು ಪದ ತಿಳಿದಿರಲಿ. ಆಪ್-ಆಂಪ್ ಎಂದರೆ ಎಂಟು ಕಾಲಿನ ಚಿಪ್ಪು. ಗಿಟಾರಿನ ಸಣ್ಣ ಸಿಗ್ನಲನ್ನು ಹಲವು ಪಟ್ಟು ದೊಡ್ಡದು ಮಾಡುವುದು ಅದರ ಕೆಲಸ, ಎಷ್ಟು ಪಟ್ಟು ಎನ್ನುವುದಕ್ಕೆ ಗೇನ್ ಎನ್ನುತ್ತಾರೆ. ಕ್ಲಿಪ್ಪಿಂಗ್ ಎಂದರೆ ದೊಡ್ಡದಾದ ಅಲೆಯ ತಲೆಯನ್ನೂ ತಳವನ್ನೂ ಕತ್ತರಿಸಿ ಚಪ್ಪಟೆ ಮಾಡುವುದು. ನಾವು ಡಿಸ್ಟಾರ್ಷನ್ ಎಂದು ಕೇಳಿಸಿಕೊಳ್ಳುವುದು ಇದನ್ನೇ. ಕಟ್-ಆಫ್ ಎಂದರೆ ಒಂದು ರೆಸಿಸ್ಟರ್ ಮತ್ತು ಒಂದು ಕೆಪಾಸಿಟರ್ ಸೇರಿ ಬಾಸ್ (ತಗ್ಗಿನ ಸದ್ದು) ಅಥವಾ ಟ್ರೆಬಲ್ (ಎತ್ತರದ ಸದ್ದು) ಇಳಿಸಲು ಶುರುಮಾಡುವ ಫ್ರೀಕ್ವೆನ್ಸಿ. ಅದರ ಲೆಕ್ಕ ಸುಲಭ: 1,59,000ವನ್ನು ಕಿಲೊಓಮ್ ಮತ್ತು ನ್ಯಾನೊಫ್ಯಾರಡ್‌ಗಳ ಗುಣಲಬ್ಧದಿಂದ ಭಾಗಿಸಿ. 4.7 ಕಿಲೊಓಮ್, 47 ನ್ಯಾನೊಫ್ಯಾರಡ್ ಇದ್ದರೆ ಸುಮಾರು 720 ಹರ್ಟ್ಸ್. ಈ ಒಂದು ಸೂತ್ರ ಬಾಯಿಗೆ ಬಂದರೆ ಯಾವ ಪೆಡಲ್ ನಕ್ಷೆಯನ್ನಾದರೂ ಅರ್ಧ ಓದಬಲ್ಲಿರಿ.

ಬೇಕಾದ ಸಾಮಾನು

- 741 ಮತ್ತು ಟಿಎಲ್071 ಆಪ್-ಆಂಪ್, ತಲಾ 1
- ಕಾಲು ವ್ಯಾಟ್ ಮೆಟಲ್ ಫಿಲ್ಮ್ ರೆಸಿಸ್ಟರ್ (ಕೆ ಎಂದರೆ ಕಿಲೊಓಮ್, ಮೆಗ್ ಎಂದರೆ ಮೆಗಾಓಮ್): 1 ಮೆಗ್ 2, 100ಕೆ 2, 10ಕೆ 2, 4.7ಕೆ 1
- ಫಿಲ್ಮ್ ಕೆಪಾಸಿಟರ್ (ನ್ಯಾನೊ ಎಂದರೆ ನ್ಯಾನೊಫ್ಯಾರಡ್, ಪಿಕೊ, ಮೈಕ್ರೊ ಕೂಡ ಹಾಗೆಯೇ): 1, 4.7, 10, 22, 47, 100, 220 ನ್ಯಾನೊ. 1 ಮತ್ತು 10 ನ್ಯಾನೊ ಎರಡೆರಡು, ಉಳಿದವು ಒಂದೊಂದು
- ಸೆರಾಮಿಕ್ ಕೆಪಾಸಿಟರ್: 33 ಮತ್ತು 100 ಪಿಕೊ, 100 ನ್ಯಾನೊ
- ಎಲೆಕ್ಟ್ರೊಲಿಟಿಕ್: 1, 10, 100 ಮೈಕ್ರೊ, 16 ಅಥವಾ 25 ವೋಲ್ಟಿನವು
- ಪಾಟ್ (ತಿರುಗಿಸಿದಂತೆ ರೋಧ ಬದಲಾಗುವ ರೆಸಿಸ್ಟರ್): ಗೇನ್‌ಗೆ 500ಕೆ, ವಾಲ್ಯೂಮ್‌ಗೆ 100ಕೆ ಲಾಗ್
- ಡಯೋಡ್: 1ಎನ್4148 ನಾಲ್ಕು, ಕೆಂಪು ಎಲ್ಇಡಿ 2, ನೀಲಿ ಎಲ್ಇಡಿ 2, ಸಿಕ್ಕರೆ ಜರ್ಮೇನಿಯಂ 2
- ಬ್ರೆಡ್‌ಬೋರ್ಡ್, ಜಂಪರ್ ವೈರ್, 6.35 ಮಿ.ಮೀ. ಜ್ಯಾಕ್ 2, 9 ವೋಲ್ಟ್ ಬ್ಯಾಟರಿ ಮತ್ತು ಕ್ಲಿಪ್, ಮಲ್ಟಿಮೀಟರ್

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಜರ್ಮೇನಿಯಂ ಡಯೋಡ್ ಬಿಟ್ಟು ಉಳಿದದ್ದಕ್ಕೆ ಹೆಚ್ಚು ಅಲೆಯಬೇಕಾಗಿಲ್ಲ. ಕೆಪಾಸಿಟರ್ ಕೊಳ್ಳುವಾಗ ಮೈಮೇಲಿನ ಕೋಡ್ ನೋಡಿಕೊಳ್ಳಿ. 473 ಎಂದರೆ 47ರ ಮುಂದೆ ಮೂರು ಸೊನ್ನೆ, ಅಂದರೆ 47,000 ಪಿಕೊ, ಅದೇ 47 ನ್ಯಾನೊ. ಹಾಗೆಯೇ 102 ಅಂದರೆ 1 ನ್ಯಾನೊ, 103 ಅಂದರೆ 10, 104 ಅಂದರೆ 100. 103ರ ಜಾಗಕ್ಕೆ 104 ಹಾಕಿ ‘ನನ್ನ ಪೆಡಲ್ ಯಾಕೋ ಮಬ್ಬಾಗಿದೆ’ ಎನ್ನುವವರು ಬಹಳ.

ಹಂತ 1: ವಿದ್ಯುತ್ ಮತ್ತು ಅರ್ಧ ವೋಲ್ಟೇಜ್

ಬ್ಯಾಟರಿಯ ಪ್ಲಸ್ ಅನ್ನು ಕೆಂಪು ಸಾಲಿಗೆ, ಮೈನಸ್ ಅನ್ನು ನೀಲಿ ಸಾಲಿಗೆ ಕೊಡಿ. ನೀಲಿ ಸಾಲೇ ನಮ್ಮ ಗ್ರೌಂಡ್. ಎರಡೂ ಸಾಲುಗಳ ನಡುವೆ 100 ಮೈಕ್ರೊ, ಚಿಪ್ಪಿನ ಪಕ್ಕದಲ್ಲೇ 100 ನ್ಯಾನೊ ಸೆರಾಮಿಕ್ ಇರಲಿ. 100ಕೆ ಎರಡನ್ನು ಸಾಲಾಗಿ ಜೋಡಿಸಿ ಪ್ಲಸ್‌ನಿಂದ ಗ್ರೌಂಡ್‌ಗೆ ಹಾಕಿ. ಅವೆರಡರ ನಡುವಿನ ಬಿಂದುವಿನಲ್ಲಿ 4.5 ವೋಲ್ಟ್ ಸಿಗುತ್ತದೆ. ಅಲ್ಲಿಂದ ಗ್ರೌಂಡ್‌ಗೆ 10 ಮೈಕ್ರೊ ಹಾಕಿ. ಗಿಟಾರಿನ ಸಿಗ್ನಲ್ ಮೇಲಕ್ಕೂ ಕೆಳಕ್ಕೂ ತೂಗುವಂಥದ್ದು. ಒಂದೇ ಬ್ಯಾಟರಿಯಲ್ಲಿ ಎರಡೂ ಕಡೆ ಜಾಗ ಸಿಗಬೇಕಾದರೆ ಅದನ್ನು ನಟ್ಟನಡುವೆ ಕೂರಿಸಬೇಕು.

ಪ್ರಯೋಗ ಮುಗಿಯುವವರೆಗೆ ಬ್ಯಾಟರಿಯನ್ನೇ ಬಳಸಿ. ಪೆಡಲ್ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ಪಿನ್ನಿನ ನಡುಭಾಗ ಮೈನಸ್ ಇರುತ್ತದೆ. ರೂಟರ್‌ನಂಥವಕ್ಕೆ ಕೊಡುವ ಅಡಾಪ್ಟರಿನಲ್ಲಿ ನಡುಭಾಗ ಪ್ಲಸ್ ಇರುವುದೇ ಹೆಚ್ಚು. ಅದನ್ನು ಸಿಕ್ಕಿಸಿದರೆ ಚಿಪ್ ಸುಡುತ್ತದೆ, ಎಲೆಕ್ಟ್ರೊಲಿಟಿಕ್ ಉಬ್ಬುತ್ತದೆ. ಧ್ರುವ ಸರಿಯಿದ್ದರೂ ಅಗ್ಗದ ಅಡಾಪ್ಟರಿನ ಗುಂಯ್ ಸದ್ದು ಸೇರಿಕೊಂಡು, ಯಾವ ಸದ್ದು ಯಾವುದರದ್ದು ಎಂದು ತಿಳಿಯದಂತಾಗುತ್ತದೆ.

ಹಂತ 2: ಚಿಪ್ ಜೋಡಣೆ

741 ಹಾಕಿ. ಗುಳಿ ಇರುವ ತುದಿ ಎಡಕ್ಕೆ ಬಂದರೆ 1ನೇ ಕಾಲು ಕೆಳಗಿನ ಎಡಮೂಲೆಯದು. 7ನೇ ಕಾಲಿಗೆ ಪ್ಲಸ್, 4ಕ್ಕೆ ಗ್ರೌಂಡ್. 1, 5, 8 ಖಾಲಿ ಇರಲಿ.

ಇನ್‌ಪುಟ್ ಜ್ಯಾಕಿನ ತುದಿಯಿಂದ 10 ನ್ಯಾನೊ, ಅದರ ಮುಂದೆ 10ಕೆ, ಅಲ್ಲಿಂದ 3ನೇ ಕಾಲು. 3ನೇ ಕಾಲಿನಿಂದ ಅರ್ಧ ವೋಲ್ಟೇಜ್ ಬಿಂದುವಿಗೆ 1 ಮೆಗ್. 6ನೇ ಕಾಲಿನಿಂದ 2ಕ್ಕೆ ಇನ್ನೊಂದು 1 ಮೆಗ್. 2ನೇ ಕಾಲಿನಿಂದ 4.7ಕೆ, ಅದರ ಮುಂದೆ 47 ನ್ಯಾನೊ, ಅದರ ಮುಂದೆ ಗೇನ್ ಪಾಟ್, ಅಲ್ಲಿಂದ ಗ್ರೌಂಡ್. ಪಾಟ್‌ನ ನಡುಕಾಲು ಮತ್ತು ಒಂದು ಪಕ್ಕದ ಕಾಲು ಮಾತ್ರ ಬಳಸಿ.

ಈಗ ಮೀಟರನ್ನು 6ನೇ ಕಾಲಿಗೆ ಹಿಡಿಯಿರಿ. 4ರಿಂದ 5 ವೋಲ್ಟ್ ಒಳಗೆ ಬಂದರೆ ಸರಿ. 2ರ ಆಸುಪಾಸಿಗೆ ಇಳಿದು ಅಥವಾ 7 ದಾಟಿ ನಿಂತಿದ್ದರೆ ಎಲ್ಲೋ ವೈರ್ ತಪ್ಪಿದೆ. 3ನೇ ಕಾಲಿನಲ್ಲಿ ಅಳೆಯಬೇಡಿ. ಸಾಮಾನ್ಯ ಡಿಜಿಟಲ್ ಮೀಟರಿನ ಒಳಗಿನ 10 ಮೆಗಾಓಮ್, ನಮ್ಮ 1 ಮೆಗ್ ಜೊತೆ ಹಂಚಿಕೊಂಡು 4.1 ವೋಲ್ಟ್ ತೋರಿಸುತ್ತದೆ. ಸರ್ಕ್ಯೂಟ್ ಸರಿಯಾಗಿಯೇ ಇರುತ್ತದೆ, ಇಲ್ಲದ ತಪ್ಪು ಹುಡುಕುತ್ತಾ ಒಂದು ಗಂಟೆ ಕಳೆಯುತ್ತೀರಿ.

ಹಂತ 3: ಡಯೋಡ್ ಮತ್ತು ಔಟ್‌ಪುಟ್

6ನೇ ಕಾಲಿನಿಂದ 1 ಮೈಕ್ರೊ, ಪ್ಲಸ್ ಕಾಲು ಚಿಪ್ಪಿನ ಕಡೆಗೆ. ಅದರ ಮುಂದೆ 10ಕೆ. 10ಕೆ ಮುಗಿಯುವ ಬಿಂದುವಿನಲ್ಲಿ ಮೂರು ಸಂಗತಿ ಕೂಡುತ್ತವೆ: ಗ್ರೌಂಡ್‌ಗೆ ಎರಡು 1ಎನ್4148 ಡಯೋಡ್, ಗ್ರೌಂಡ್‌ಗೆ 1 ನ್ಯಾನೊ, ಮತ್ತು ವಾಲ್ಯೂಮ್ ಪಾಟ್‌ನ ಮೇಲಿನ ಕಾಲು. ಎರಡು ಡಯೋಡುಗಳು ಒಂದಕ್ಕೊಂದು ತಿರುಗುಮುರುಗಾಗಿ ಇರಬೇಕು, ಒಂದರ ಪಟ್ಟೆ ಗ್ರೌಂಡ್ ಕಡೆಗೆ, ಇನ್ನೊಂದರದು ಸಿಗ್ನಲ್ ಕಡೆಗೆ. ವಾಲ್ಯೂಮ್ ಪಾಟ್‌ನ ಕೆಳಗಿನ ಕಾಲು ಗ್ರೌಂಡ್‌ಗೆ, ನಡುಕಾಲು ಔಟ್‌ಪುಟ್ ಜ್ಯಾಕಿನ ತುದಿಗೆ. ಎರಡೂ ಜ್ಯಾಕುಗಳ ಮೈಯನ್ನು ಗ್ರೌಂಡ್‌ಗೆ ಸೇರಿಸುವುದು ಮರೆಯಬೇಡಿ.

ಆಂಪ್ ಅನ್ನು ಕ್ಲೀನ್ ಚಾನೆಲ್‌ಗೆ ಹಾಕಿ, ವಾಲ್ಯೂಮ್ ತಗ್ಗಿಸಿಟ್ಟು ಕೇಬಲ್ ಸಿಕ್ಕಿಸಿ. ಇದರ ಔಟ್‌ಪುಟ್‌ಗೆ ನೇರ ಹೆಡ್‌ಫೋನ್ ಹಾಕಿದರೆ ಸದ್ದು ತೀರಾ ಕ್ಷೀಣ, ಅದರಿಂದ ಏನೂ ತಿಳಿಯುವುದಿಲ್ಲ.

ಹಂತ 4: ಕೇಳುವ ಶಿಸ್ತು

ಈ ಹಂತವನ್ನು ಹಾರಿಸಿದವರಿಗೆ ಮುಂದಿನದೆಲ್ಲ ವ್ಯರ್ಥ. ಎರಡು ಸದ್ದುಗಳಲ್ಲಿ ಜೋರಾದದ್ದೇ ಚೆನ್ನಾಗಿದೆ ಎಂದು ಕಿವಿ ಹೇಳುತ್ತದೆ. ಒಂದು ಬಿಡಿಭಾಗ ಬದಲಿಸಿದ ಕೂಡಲೇ ವಾಲ್ಯೂಮ್ ಪಾಟ್ ತಿರುಗಿಸಿ ಸದ್ದನ್ನು ಮೊದಲಿನ ಮಟ್ಟಕ್ಕೆ ತನ್ನಿ, ಆಮೇಲೆ ತೀರ್ಪು ಕೊಡಿ. ಒಂದು ಸಲಕ್ಕೆ ಒಂದೇ ಬಿಡಿಭಾಗ ಬದಲಿಸಿ. ನುಡಿಸುವುದೂ ಪ್ರತಿ ಸಲ ಒಂದೇ ಇರಲಿ: ಓಪನ್ ಇ ಕಾರ್ಡ್ ಒಮ್ಮೆ ಬಲವಾಗಿ, ಆಮೇಲೆ 12ನೇ ಫ್ರೆಟ್‌ನಲ್ಲಿ ಒಂದೊಂದೇ ಸ್ವರ, ಕೊನೆಗೆ ಗಿಟಾರಿನ ವಾಲ್ಯೂಮ್ ಅರ್ಧಕ್ಕಿಳಿಸಿ ಮತ್ತೆ ಅದೇ ಕಾರ್ಡ್. ಫೋನಿನಲ್ಲಿ ರೆಕಾರ್ಡ್ ಮಾಡಿ ಹೋಲಿಸುವುದಾದರೆ ಎಚ್ಚರ. ಹಲವು ಫೋನುಗಳು ಸದ್ದಿನ ಮಟ್ಟವನ್ನು ತಾವೇ ಏರಿಳಿಸಿ, ನೀವು ಕೇಳಬೇಕಾದ ವ್ಯತ್ಯಾಸವನ್ನೇ ಅಳಿಸಿಬಿಡುತ್ತವೆ.

ಹಂತ 5: 47 ನ್ಯಾನೊ, ಈ ಪೆಡಲ್‌ನ ಜೀವ

ಅತಿ ಹೆಚ್ಚು ಸಮಯ ಇಲ್ಲಿ ಕಳೆಯಿರಿ. ಗೇನ್ ಎಷ್ಟು ಎನ್ನುವುದನ್ನು 1 ಮೆಗ್ ಅನ್ನು 2ನೇ ಕಾಲಿನಿಂದ ಗ್ರೌಂಡ್‌ಗೆ ಹೋಗುವ ದಾರಿಯ ರೋಧದಿಂದ ಭಾಗಿಸಿ, 1 ಕೂಡಿಸಿ ತಿಳಿಯಬಹುದು. ಪಾಟ್ ಪೂರ್ತಿ ಏರಿಸಿದರೆ ಆ ದಾರಿಯಲ್ಲಿ ಉಳಿಯುವ ರೆಸಿಸ್ಟರ್ 4.7ಕೆ ಮಾತ್ರ, ಗೇನ್ ಸುಮಾರು 214. ಪೂರ್ತಿ ಇಳಿಸಿದರೆ ಸುಮಾರು 3.

ಇದು ಎತ್ತರದ ಸ್ವರಗಳ ಲೆಕ್ಕ. ಕೆಪಾಸಿಟರ್ ಬಾಸ್‌ಗೆ ಸುಲಭವಾಗಿ ದಾರಿ ಬಿಡುವುದಿಲ್ಲ. ಗೇನ್ ಪೂರ್ತಿ ಇರುವಾಗ ದಪ್ಪ ಇ ತಂತಿಯ ಮೂಲ ಸ್ವರ, ಅಂದರೆ 82 ಹರ್ಟ್ಸ್, ಸುಮಾರು 24 ಪಟ್ಟು ಮಾತ್ರ ಹಿಗ್ಗುತ್ತದೆ. 1,300 ಹರ್ಟ್ಸ್ ಹತ್ತಿರದ್ದು ಸುಮಾರು 180 ಪಟ್ಟು. ಒಂದೇ ತಂತಿ ಮೀಟಿದಾಗ ಹುಟ್ಟುವ ಸದ್ದಿನಲ್ಲೇ ಇಷ್ಟು ಪಕ್ಷಪಾತ! ಡಯೋಡಿಗೆ ತಲುಪುವ ಮುನ್ನವೇ ಬಾಸ್ ತೆಳುವಾಗಿರುವುದರಿಂದ ಕಾರ್ಡ್ ನುಡಿಸಿದಾಗ ಸ್ವರಗಳು ಒಂದಕ್ಕೊಂದು ಕಲಸಿಹೋಗುವುದಿಲ್ಲ. ಐಬನೀಜ್ ಕಂಪನಿಯ ಟ್ಯೂಬ್ ಸ್ಕ್ರೀಮರ್ ಪೆಡಲ್‌ನಲ್ಲೂ ಇದೇ ಜಾಗದಲ್ಲಿ ಇದೇ 4.7ಕೆ, 47 ನ್ಯಾನೊ ಜೋಡಿ ಇದೆ. ಅದರ ಬಿಗಿಯಾದ ಸದ್ದಿನ ಒಂದು ಗುಟ್ಟು ಇದು.

ಗೇನ್ ಪೂರ್ತಿ ಏರಿಸಿ, 47ರ ಜಾಗದಲ್ಲಿ ಒಂದೊಂದಾಗಿ ಹಾಕಿ ಕೇಳಿ:

- 22 ನ್ಯಾನೊ: ಕಟ್-ಆಫ್ ಸುಮಾರು 1,540 ಹರ್ಟ್ಸ್. ತೆಳು, ಮೂಗಿನಲ್ಲಿ ಹಾಡಿದಂತೆ. ಮಬ್ಬು ಹಂಬಕರ್ (ಎರಡು ಸುರುಳಿಯ ಪಿಕಪ್, ಅಂದರೆ ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ಇರುವ ಗಿಟಾರಿಗೆ ಕೆಲವೊಮ್ಮೆ ಹೊಂದುತ್ತದೆ.
- 100 ನ್ಯಾನೊ: ಸುಮಾರು 340 ಹರ್ಟ್ಸ್. ಮೈತುಂಬಿದ ಸದ್ದು. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್) ಗಿಟಾರುಗಳಿಗೆ ಮೊದಲು ಇದನ್ನೇ ಪ್ರಯತ್ನಿಸಿ.
- 220 ನ್ಯಾನೊ: ಸುಮಾರು 154 ಹರ್ಟ್ಸ್. ಒಂಟಿ ಸ್ವರ ಸೊಗಸು, ಕಾರ್ಡ್ ಗೊಜ್ಜಾಗುತ್ತದೆ. ಫಜ್ (ದಪ್ಪ, ಒರಟು ಡಿಸ್ಟಾರ್ಷನ್) ಬೇಕೆನ್ನುವವರಿಗೆ ಇಷ್ಟವಾಗಬಹುದು.

ಈ ಜೋಡಣೆಗೆ ಇನ್ನೊಂದು ಗುಣವಿದೆ. ಪಾಟ್ ಕೂಡ ಅದೇ ದಾರಿಯಲ್ಲಿರುವುದರಿಂದ ಗೇನ್ ಇಳಿಸಿದಂತೆ ಬಾಸ್ ಮರಳಿ ಬರುತ್ತದೆ. ಪಾಟ್‌ನಲ್ಲಿ 50ಕೆ ಉಳಿದಾಗ ಕಟ್-ಆಫ್ ಸುಮಾರು 62 ಹರ್ಟ್ಸ್, ಪೂರ್ತಿ ಇಳಿಸಿದಾಗ 7ರ ಹತ್ತಿರ. ‘ಗೇನ್ ಏರಿಸಿದರೆ ಬಾಸ್ ಮಾಯವಾಗುತ್ತದೆ, ಎಲ್ಲಿ ತಪ್ಪಿದೆ?’ ಎಂದು ಕೇಳುವವರಿಗೆ ಉತ್ತರ ಇದೇ. ತಪ್ಪಲ್ಲ, ಹಾಗೆ ಮಾಡಿದ್ದೇ.

ಪಾಟ್ ಬಗ್ಗೆ ಒಂದು ಮಾತು. ಲೀನಿಯರ್ (ತಿರುಗಿಸಿದಷ್ಟೇ ಸಮವಾಗಿ ರೋಧ ಬದಲಾಗುವ) 500ಕೆ ಹಾಕಿದರೆ ಅರ್ಧ ತಿರುಗಿಸಿದರೂ ಗೇನ್ 5ರ ಹತ್ತಿರವೇ ಇರುತ್ತದೆ. ಎಲ್ಲ ಏರಿಕೆ ಕೊನೆಯ ಚೂರಿನಲ್ಲಿ ದಿಢೀರನೆ ಬರುತ್ತದೆ. ಇಲ್ಲಿಗೆ ತಕ್ಕದ್ದು ರಿವರ್ಸ್ ಲಾಗ್, ಸಿ500ಕೆ ಎಂದು ಕೇಳಿ. ಅದು ಸಿಗದಿದ್ದರೆ ಸಾಮಾನ್ಯ ಲಾಗ್ ಪಾಟನ್ನೇ ಇನ್ನೊಂದು ಪಕ್ಕದ ಕಾಲಿಗೆ ಜೋಡಿಸಿ. ಎಡಕ್ಕೆ ತಿರುಗಿಸಿದರೆ ಗೇನ್ ಏರುತ್ತದೆ ಎನ್ನುವುದು ಬಿಟ್ಟರೆ ನಡೆ ಹಿತವಾಗಿರುತ್ತದೆ.

ಹಂತ 6: ಡಯೋಡುಗಳು

ಡಯೋಡ್ ಒಂದು ಮಟ್ಟದವರೆಗೆ ಸುಮ್ಮನಿದ್ದು, ಅದನ್ನು ದಾಟಿದ ಭಾಗವನ್ನು ಗ್ರೌಂಡ್‌ಗೆ ಸುರಿಯುತ್ತದೆ. ಆ ಮಟ್ಟ ಜರ್ಮೇನಿಯಂಗೆ ಸುಮಾರು 0.3 ವೋಲ್ಟ್, 1ಎನ್4148ಕ್ಕೆ 0.6, ಕೆಂಪು ಎಲ್ಇಡಿಗೆ 1.7, ನೀಲಿಗೆ 3ರ ಆಸುಪಾಸು.

ಡಯೋಡ್ ಬದಲಿಸಿದಾಗ ಮೊದಲು ಕೇಳಿಸುವುದು ಗುಣದ ವ್ಯತ್ಯಾಸವಲ್ಲ, ಜೋರಿನ ವ್ಯತ್ಯಾಸ. ಜರ್ಮೇನಿಯಂನಿಂದ ಸಿಲಿಕಾನ್‌ಗೆ ಹೋದರೆ ಸುಮಾರು 6 ಡೆಸಿಬೆಲ್, ಕೆಂಪು ಎಲ್ಇಡಿಗೆ ಹೋದರೆ ಸುಮಾರು 15 ಡೆಸಿಬೆಲ್ ಏರುತ್ತದೆ. ‘ಎಲ್ಇಡಿ ಹಾಕಿದ ಮೇಲೆ ಪೆಡಲ್ ಬಿಚ್ಚಿಕೊಂಡಿತು’ ಎನ್ನುವ ಮಾತಿನ ದೊಡ್ಡ ಪಾಲು ಈ 15 ಡೆಸಿಬೆಲ್. ಸದ್ದನ್ನು ಸರಿದೂಗಿಸಿ ಕೇಳಿ. ಆಗಲೂ ಉಳಿಯುವ ವ್ಯತ್ಯಾಸವೇ ನಿಜವಾದದ್ದು. ಎಲ್ಇಡಿಯಲ್ಲಿ ಮೀಟಿದ ಕ್ಷಣದ ಪೆಟ್ಟು ಉಳಿದುಕೊಳ್ಳುತ್ತದೆ, ಗಿಟಾರಿನ ವಾಲ್ಯೂಮ್ ಇಳಿಸಿದರೆ ಬೇಗ ಕ್ಲೀನ್ ಆಗುತ್ತದೆ. ಜರ್ಮೇನಿಯಂ ಮೆಲ್ಲನೆ ಬಾಗುತ್ತದೆ, ಅಂಚು ದುಂಡಗಿರುತ್ತದೆ, ಆದರೆ ಸದ್ದು ಚಿಕ್ಕದು. ನೀಲಿ ಎಲ್ಇಡಿ ಹಾಕಿದರೆ ಅದು ಕೆಲಸ ಮಾಡುವುದೇ ಇಲ್ಲ ಎನ್ನಬೇಕು. 9 ವೋಲ್ಟಿನಲ್ಲಿ 741ರ ಅಲೆ ನಡುಬಿಂದುವಿನಿಂದ ಎರಡೂವರೆ, ಮೂರು ವೋಲ್ಟಿಗೆ ತಾನೇ ತಲೆ ಚಪ್ಪಟೆ ಮಾಡಿಕೊಳ್ಳುತ್ತದೆ. ಆಗ ನೀವು ಕೇಳುವುದು ಚಿಪ್ಪಿನ ಕ್ಲಿಪ್ಪಿಂಗ್.

ಒಂದು ಬದಿಗೆ ಎರಡು 1ಎನ್4148 ಸಾಲಾಗಿ, ಇನ್ನೊಂದು ಬದಿಗೆ ಒಂದೇ ಹಾಕಿ ನೋಡಿ. ಅಲೆಯ ತಲೆ ಮತ್ತು ತಳ ಬೇರೆ ಬೇರೆ ಎತ್ತರದಲ್ಲಿ ಕತ್ತರಿಸಿ, ಸಮಸಂಖ್ಯೆಯ ಹಾರ್ಮೋನಿಕ್ಸ್ ಅಂದರೆ ಎರಡನೆಯ, ನಾಲ್ಕನೆಯ ಉಪಸ್ವರಗಳು ಸೇರುತ್ತವೆ. ಬಾಸ್ ಕಂಪನಿಯ ಎಸ್‌ಡಿ-1 ಪೆಡಲ್‌ನಲ್ಲಿ ಇಂಥದೇ ಅಸಮ ಜೋಡಣೆ ಇದೆ.

ಆಮೇಲೆ ಡಯೋಡುಗಳನ್ನು ಅಲ್ಲಿಂದ ಕಿತ್ತು, ತಿರುಗುಮುರುಗಾಗಿಯೇ 2 ಮತ್ತು 6ನೇ ಕಾಲುಗಳ ನಡುವೆ, 1 ಮೆಗ್ ಪಕ್ಕದಲ್ಲಿ ಹಾಕಿ. ಅದೇ ಡಯೋಡ್, ಸದ್ದು ಬೇರೆಯೇ! ಈಗ ಡಯೋಡ್ ಅಲೆಯನ್ನು ಗ್ರೌಂಡ್‌ಗೆ ಸುರಿಯುವ ಬದಲು ಚಿಪ್ಪಿನ ಗೇನನ್ನು ತಗ್ಗಿಸುತ್ತದೆ, ಮತ್ತು ಮೂಲ ಸಿಗ್ನಲ್ ಕತ್ತರಿಸದೆ ಅದರ ಮೇಲೆ ಸೇರಿಕೊಳ್ಳುತ್ತದೆ. ಟ್ಯೂಬ್ ಸ್ಕ್ರೀಮರ್ ಬಗೆಯ ಮೃದು ಕ್ಲಿಪ್ಪಿಂಗ್ ಇದು. ಜಾಗ ಮುಖ್ಯ ಎಂದು ಮೊದಲೇ ಹೇಳಿದ್ದು ಇದಕ್ಕಾಗಿ. ಕೇಳಿ ಮುಗಿದ ಮೇಲೆ ಡಯೋಡುಗಳನ್ನು ಹಿಂದಿನ ಜಾಗಕ್ಕೆ ತನ್ನಿ.

ಜರ್ಮೇನಿಯಂ ಕೊಳ್ಳುವವರು ಮೀಟರನ್ನು ಡಯೋಡ್ ಗುರುತಿಗೆ ಇಟ್ಟು ಅಂಗಡಿಯಲ್ಲೇ ಪರೀಕ್ಷಿಸಿ. 0.6 ತೋರಿಸಿದರೆ ಅದು ಸಿಲಿಕಾನ್, ಮೈಮೇಲೆ ಏನೇ ಬರೆದಿರಲಿ. 0.2ರಿಂದ 0.4 ಬಂದರೂ ಶಾಟ್ಕಿ ಎನ್ನುವ ಇನ್ನೊಂದು ಬಗೆಯ ಡಯೋಡ್ ಆಗಿರಬಹುದು, ಮೀಟರ್ ಇವೆರಡನ್ನು ಬೇರ್ಪಡಿಸಲಾರದು. ಕೆಟ್ಟು ಮೂಲೆ ಸೇರಿದ ಹಳೆಯ ಟ್ರಾನ್ಸಿಸ್ಟರ್ ರೇಡಿಯೊ ಮನೆಯಲ್ಲಿದ್ದರೆ ಬಿಚ್ಚಿ ನೋಡಿ. ಸ್ಟೇಷನ್ನಿನ ಸಿಗ್ನಲ್‌ನಿಂದ ಸದ್ದನ್ನು ಬೇರ್ಪಡಿಸಲು ಓಎ79ರಂಥ ಜರ್ಮೇನಿಯಂ ಡಯೋಡ್ ಬಳಸುತ್ತಿದ್ದರು. ಬೆಸುಗೆ ಬಿಡಿಸುವಾಗ ಕಾಲನ್ನು ಇಕ್ಕಳದಿಂದ ಹಿಡಿದಿರಿ, ಜರ್ಮೇನಿಯಂ ಬಿಸಿ ತಾಳದು.

ಹಂತ 7: ಕರ್ಕಶತನ ಇಳಿಸುವುದು

ಕತ್ತರಿಸಿದ ಅಲೆಯಲ್ಲಿ ಚೂಪು ಮೂಲೆಗಳಿರುತ್ತವೆ, ಅವೇ ಕಿವಿಗೆ ಚುಚ್ಚುವುದು. ಡಯೋಡಿನ ಪಕ್ಕದ 1 ನ್ಯಾನೊ, ಹಿಂದಿನ 10ಕೆ ಜೊತೆ ಸೇರಿ ಸುಮಾರು 16 ಕಿಲೊಹರ್ಟ್ಸ್‌ನಲ್ಲಿ ಟ್ರೆಬಲ್ ಇಳಿಸುತ್ತದೆ. ಸಾಮಾನ್ಯ ಗಿಟಾರ್ ಸ್ಪೀಕರ್ 5 ಕಿಲೊಹರ್ಟ್ಸ್ ದಾಟಿದ ಮೇಲೆ ತಾನೇ ಕೈಬಿಡುವುದರಿಂದ ಇದು ಕಿವಿಗೆ ಗೊತ್ತೇ ಆಗದು. 4.7 ನ್ಯಾನೊ ಹಾಕಿದರೆ ಸುಮಾರು 3.4 ಕಿಲೊಹರ್ಟ್ಸ್, ಇಲ್ಲಿ ಸದ್ದು ಹದಕ್ಕೆ ಬರುತ್ತದೆ. 10 ನ್ಯಾನೊ ಹಾಕಿದರೆ ಕಂಬಳಿ ಹೊದಿಸಿದಂತೆ. ಬಾಸನ್ನು ಡಯೋಡಿನ ಮೊದಲು, ಟ್ರೆಬಲನ್ನು ಡಯೋಡಿನ ನಂತರ ಇಳಿಸುವುದು ಈ ಬಗೆಯ ಪೆಡಲ್‌ಗಳಿಗೆ ಒಳ್ಳೆಯ ಪದ್ಧತಿ.

ಹಂತ 8: ಚಿಪ್ ಬದಲಾವಣೆ

ಬ್ಯಾಟರಿ ತೆಗೆದು 741ರ ಜಾಗದಲ್ಲಿ ಟಿಎಲ್071 ಹಾಕಿ, ಕಾಲುಗಳ ಕ್ರಮ ಒಂದೇ. ಗೇನ್ ಪೂರ್ತಿ ಇರುವಾಗ ಸದ್ದು ಹೆಚ್ಚು ಹೊಳೆಯುತ್ತದೆ, ಹಿಸ್ (ಸುಯ್ ಎನ್ನುವ ಹಿನ್ನೆಲೆ ಸದ್ದು) ಕೂಡ ಎದ್ದು ಕೇಳುತ್ತದೆ. 741ರ ಗೇನ್ ಮತ್ತು ಬ್ಯಾಂಡ್‌ವಿಡ್ತ್‌ಗಳ (ಅಷ್ಟು ಗೇನ್ ಕೊಡಬಲ್ಲ ಫ್ರೀಕ್ವೆನ್ಸಿಯ ಮೇಲಿನ ಮಿತಿ) ಗುಣಲಬ್ಧ ಸುಮಾರು 10 ಲಕ್ಷ ಹರ್ಟ್ಸ್. 214 ಪಟ್ಟು ಹಿಗ್ಗಿಸು ಎಂದರೆ 4.7 ಕಿಲೊಹರ್ಟ್ಸ್‌ನಿಂದ ಮೇಲೆ ಅದಕ್ಕೆ ಉಸಿರು ಸಾಲದು. ಹಳೆಯ ಚಿಪ್‌ನ ‘ಬೆಚ್ಚಗಿನ’ ಸದ್ದು ಎನ್ನುವುದರ ಬಹುಪಾಲು ಈ ಟ್ರೆಬಲ್ ಕಡಿತ.

ಪರೀಕ್ಷಿಸುವುದು ಸುಲಭ. ಟಿಎಲ್071 ಇರುವಾಗ 1 ಮೆಗ್ ಪಕ್ಕದಲ್ಲಿ 33 ಪಿಕೊ ಹಾಕಿ. ಕಟ್-ಆಫ್ 4.8 ಕಿಲೊಹರ್ಟ್ಸ್‌ಗೆ ಬಂದು, ಪೂರ್ತಿ ಗೇನ್‌ನಲ್ಲಿ ಸದ್ದು 741ಕ್ಕೆ ತೀರಾ ಹತ್ತಿರವಾಗುತ್ತದೆ. ಗೇನ್ ಇಳಿಸಿದಾಗ ಮಾತ್ರ ದಾರಿ ಬೇರೆ: 741 ಮತ್ತೆ ತೆರೆದುಕೊಳ್ಳುತ್ತದೆ, 33 ಪಿಕೊ ಹಾಗೆಯೇ ಕೂತಿರುತ್ತದೆ. 100 ಪಿಕೊ ಹಾಕಿದರೆ ಕಟ್-ಆಫ್ 1.6 ಕಿಲೊಹರ್ಟ್ಸ್, ಎಲ್ಲ ಸ್ಥಿತಿಯಲ್ಲೂ ಮಂಕು.

ಹಂತ 9: ಇನ್‌ಪುಟ್ ಕಡೆ

ಇನ್‌ಪುಟ್‌ನ 10 ನ್ಯಾನೊ, 1 ಮೆಗ್ ಜೊತೆ 16 ಹರ್ಟ್ಸ್‌ನಲ್ಲಿ ಕತ್ತರಿಸುತ್ತದೆ, ಗಿಟಾರಿನ ಯಾವ ಸ್ವರವೂ ಅಷ್ಟು ಕೆಳಗಿಲ್ಲ. 100 ನ್ಯಾನೊ ಹಾಕಿದರೂ ಬಾಸ್ ಹೆಚ್ಚುವುದಿಲ್ಲ. 1 ನ್ಯಾನೊ ಹಾಕಿದರೆ 160ಕ್ಕೇರಿ ಸದ್ದು ಬಿಗಿಯಾಗುತ್ತದೆ. ಕೆಲವು ನಕ್ಷೆಗಳಲ್ಲಿ ಇನ್‌ಪುಟ್‌ನಿಂದ ಗ್ರೌಂಡ್‌ಗೆ 1 ನ್ಯಾನೊ ಇರುತ್ತದೆ, ರೇಡಿಯೊ ಸ್ಟೇಷನ್ ಕೇಳದಿರಲಿ ಎಂದು. ಮೀಟರ್ ಉದ್ದಕ್ಕೆ 100 ಪಿಕೊ ಇರುವ ಕೇಬಲ್ 10 ಮೀಟರ್ ಹೆಚ್ಚು ಎಳೆದಂತೆ ಅದು ಪಿಕಪ್‌ನ ಹೊಳಪು ತಗ್ಗಿಸುತ್ತದೆ ಎನ್ನುವುದು ಗೊತ್ತಿರಲಿ.

ಹಣ ಸುರಿಯಬೇಕಿಲ್ಲದ ಕಡೆ

ರೆಸಿಸ್ಟರಿನಲ್ಲಿ ಹಳೆಯ ಕಾರ್ಬನ್ ಕಾಂಪೊಸಿಷನ್ ಹಾಕಿದರೆ ಹಿಸ್ ಹೆಚ್ಚುತ್ತದೆ, ಬೇರೆ ಲಾಭ ಕಾಣೆ. ಅಳತೆ ಒಂದೇ ಇದ್ದರೆ ಸಾಧಾರಣ ಫಿಲ್ಮ್ ಕೆಪಾಸಿಟರಿಗೂ ಹತ್ತು ಪಟ್ಟು ಬೆಲೆಯದಕ್ಕೂ ಈ ಸರ್ಕ್ಯೂಟಿನಲ್ಲಿ ವ್ಯತ್ಯಾಸ ಹುಡುಕುವುದು ಸಮಯ ದಂಡ. ಸಿಗ್ನಲ್ ದಾರಿಯಲ್ಲಿ ಹೆಚ್ಚು ಅಳತೆಯ ಸೆರಾಮಿಕ್ ಮಾತ್ರ ಬೇಡ. ಇನ್‌ಪುಟ್‌ನಲ್ಲಿ ಅಂಥದೊಂದನ್ನು ಹಾಕಿ, ಗೇನ್ ಏರಿಸಿ, ಪೆನ್ಸಿಲ್‌ನಿಂದ ಅದರ ಮೈ ತಟ್ಟಿ. ಕೆಲವು ಬಗೆಯವು ಮೈಕಿನಂತೆ ವರ್ತಿಸಿ ಟಕ್ ಟಕ್ ಸದ್ದು ಆಂಪ್‌ನಲ್ಲಿ ಕೇಳಿಸುತ್ತದೆ.

ಹಂತ 10: ಬೆಸುಗೆ

ಅಳತೆಗಳು ಇಷ್ಟವಾದ ಮೇಲೆ ಒಂದು ಕಾಗದದಲ್ಲಿ ಬರೆದಿಟ್ಟು, ವೆರೋಬೋರ್ಡ್‌ಗೆ (ತಾಮ್ರದ ಪಟ್ಟಿಗಳಿರುವ ಬೆಸುಗೆ ಹಲಗೆ) ವರ್ಗಾಯಿಸಿ. ಚಿಪ್ಪನ್ನು ನೇರ ಬೆಸೆಯದೆ 8 ಕಾಲಿನ ಸಾಕೆಟ್ ಹಾಕಿ. ಪ್ಲಸ್ ಮತ್ತು ಗ್ರೌಂಡ್ ನಡುವೆ ಪಟ್ಟೆ ಪ್ಲಸ್ ಕಡೆಗೆ ಬರುವಂತೆ ಒಂದು 1ಎನ್4001 ಸೇರಿಸಿ, ತಿರುಗಿಸಿ ಸಿಕ್ಕಿಸಿದ ಬ್ಯಾಟರಿಯಿಂದ ಚಿಪ್ ಉಳಿಯುತ್ತದೆ. ಡಬ್ಬಿ ಲೋಹದ್ದಾಗಿರಲಿ, ಗ್ರೌಂಡ್ ಅದಕ್ಕೆ ತಾಗಿರಲಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಟ್ಯೂಬ್‌ಲೈಟಿನ ಸದ್ದೂ ಒಳಗೆ ಬರುತ್ತದೆ. ಇನ್‌ಪುಟ್ ವೈರ್ ಮತ್ತು ಔಟ್‌ಪುಟ್ ವೈರ್ ಪಕ್ಕಪಕ್ಕ ಹೋದರೆ 200 ಪಟ್ಟು ಗೇನ್‌ನಲ್ಲಿ ಸಿಳ್ಳೆ ಹೊಡೆಯುವ ಸಾಧ್ಯತೆ ಇದೆ, ಅವನ್ನು ಡಬ್ಬಿಯ ಎದುರುಬದುರು ಗೋಡೆಗಳಿಗೆ ಒಯ್ಯಿರಿ.

ಟಿಎಲ್071 ಆರಿಸಿಕೊಂಡಿದ್ದರೆ 1 ಮೆಗ್ ಪಕ್ಕದ 33 ಪಿಕೊವನ್ನು ಎಲ್ಲಕ್ಕಿಂತ ಕೊನೆಗೆ ಬೆಸೆಯಿರಿ. ಬ್ರೆಡ್‌ಬೋರ್ಡ್‌ನ ಪಕ್ಕಪಕ್ಕದ ಸಾಲುಗಳ ನಡುವೆ ತಾನಾಗಿಯೇ ಕೆಲವು ಪಿಕೊಫ್ಯಾರಡ್ ಇರುತ್ತದೆ, ವೆರೋಬೋರ್ಡ್‌ನಲ್ಲಿ ಅದು ಬೇರೆಯಾಗುತ್ತದೆ. ಬೋರ್ಡ್ ಮೇಲೆ ಹಿತವಾಗಿದ್ದ ಸದ್ದು ಡಬ್ಬಿಯೊಳಗೆ ತುಸು ಚೂಪಾದರೆ 33ರ ಬದಲು 39 ಅಥವಾ 47 ಪಿಕೊ ಹಾಕಿ ಕೇಳಿ.